ಶರಣರ ಪ್ರಕೃತಿದರ್ಶನದಲ್ಲಿ ಸ್ವಾನುಭವದ ಸ್ಥಾನ

ಮೃಗಶಿರೆಯ ಮಳೆ ಊರಿನ ಮೇಲೆಲ್ಲ ಒಂದೇ ಸಮನಾಗಿ ಸುರಿಯುತ್ತದೆ. ಹೊಲವನ್ನು ಹಸನುಮಾಡಿಕೊಂಡು ಬಿತ್ತನೆಗೆ ಕಾದಿದ್ದ ಒಕ್ಕಲಿಗನಿಗೆ ಅದು ಶಿವನ ಕರುಣೆ. ಹಸಿಯ ಮಡಕೆಗಳನ್ನು ಅಂಗಳದಲ್ಲಿ ಆರಲಿಟ್ಟಿದ್ದ ಕುಂಬಾರನಿಗೆ ಅದೇ ಮಳೆ ಒಂದು ವಾರದ ದುಡಿಮೆಯನ್ನು ಮರಳಿ ಮಣ್ಣುಗೂಡಿಸಿದ ವಿಪತ್ತು. ಹಳ್ಳ ತುಂಬಿ ಆಚೆಯ ದಡದಲ್ಲಿ ನಿಂತ ದಾರಿಕಾರನಿಗೆ ಅದು ತಡೆ. ತವರಿನ ಕರೆಗಾಗಿ ಎದುರುನೋಡುವ ಹೆಣ್ಣುಮಗಳಿಗೆ ಅದು ನೆನಪು. ಮಳೆ ಒಂದೇ ಆದರೂ ಅದನ್ನು ಕಂಡ ಬಾಳುಗಳು ಬೇರೆ ಬೇರೆ. ದೃಷ್ಟಿಯಂತೆ ಸೃಷ್ಟಿ ಎಂದು ಹಿರಿಯರು ಹೇಳಿದುದು ಇದನ್ನೇ.

ಲೋಕವ್ಯವಹಾರದಲ್ಲಿ ಎಲ್ಲರೂ ಒಪ್ಪುವ ಈ ಮಾತನ್ನು ವಚನಗಳ ಅಧ್ಯಯನದಲ್ಲಿ ಹಲವರು ಮರೆಯುತ್ತಾರೆ. ವಚನಗಳಲ್ಲಿ ಬರುವ ಬೆಟ್ಟ, ನದಿ, ಮರ, ಹಕ್ಕಿ, ಹುಳುಗಳನ್ನು ಉಪಮಾಲಂಕಾರದ ಉದಾಹರಣೆಗಳೆಂದು ಪಟ್ಟಿಮಾಡಿ, ಉಪಮಾನ ಇಂತಹುದು, ಉಪಮೇಯ ಇಂತಹುದು ಎಂದು ಗುರುತಿಸಿ, ಅಷ್ಟಕ್ಕೆ ಪಾಠ ಮುಗಿಯಿತೆಂದು ತಿಳಿಯುತ್ತಾರೆ. ಶರಣರಿಗೆ ಪ್ರಕೃತಿಯು ಮಾತಿಗೆ ತೊಡಿಸುವ ಒಡವೆಯಾಗಿರಲಿಲ್ಲ. ಅವರು ಬಾಳಿನಲ್ಲಿ ಉಂಡ ಸುಖದುಃಖಗಳಿಗೆ ಅದು ಸಾಕ್ಷಿಯಾಗಿ ನಿಂತಿತು. ಈ ಭೇದವನ್ನು ಅರಿತವನಿಗೆ ವಚನಗಳ ಬಾಗಿಲು ತೆರೆಯುತ್ತದೆ; ಅರಿಯದವನಿಗೆ ಕಂಠಪಾಠ ಮಾತ್ರ ಉಳಿಯುತ್ತದೆ.

ಕವಿಸಮಯವೂ ಸ್ವಾನುಭವವೂ

ಶರಣರಿಗಿಂತ ಹಿಂದಿನ ಕಾವ್ಯಮಾರ್ಗದಲ್ಲಿ ಪ್ರಕೃತಿವರ್ಣನೆಗೆ ಒಂದು ವಿಧಿಯಿತ್ತು. ಮಹಾಕಾವ್ಯದಲ್ಲಿ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ ಮೊದಲಾದವುಗಳ ವರ್ಣನೆ ಇರಬೇಕೆಂದು ದಂಡಿಯು ತನ್ನ ಕಾವ್ಯಾದರ್ಶದಲ್ಲಿ ಹೇಳಿದನು. ಕನ್ನಡ ಕವಿಗಳು ಇವನ್ನು ಅಷ್ಟಾದಶ ವರ್ಣನೆಗಳೆಂದು ಸ್ವೀಕರಿಸಿದರು. ಚಕೋರವು ಬೆಳುದಿಂಗಳನ್ನು ಕುಡಿಯುತ್ತದೆ, ಹಂಸವು ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆ, ಚಾತಕವು ಮಳೆಯ ಹನಿಯನ್ನಲ್ಲದೆ ಬೇರೆ ನೀರನ್ನು ಮುಟ್ಟದು ಎಂಬಿವೇ ಮೊದಲಾದ ನಂಬಿಕೆಗಳು ಕವಿಸಮಯಗಳೆಂಬ ಹೆಸರಿನಿಂದ ನೆಲೆಗೊಂಡುವು. ಇವುಗಳ ನೆರವಿನಿಂದ ಸಮುದ್ರವನ್ನೇ ಕಾಣದ ಕವಿಯೂ ಸಮುದ್ರವನ್ನು ವರ್ಣಿಸಬಲ್ಲವನಾದನು.

ಈ ಮಾರ್ಗವನ್ನು ಹಳಿಯಬೇಕಾಗಿಲ್ಲ. ಭಾಷೆಗೆ ಅದರಿಂದ ಬಂದ ಬಲ ಅಪಾರವಾದುದು. ಮೇಲಾಗಿ, ಮಾರ್ಗಕವಿಗಳಲ್ಲಿಯೂ ಸ್ವಾನುಭವವು ವಿಧಿಯನ್ನು ಮೀರಿ ಹೊಮ್ಮಿದ ಎಡೆಗಳುಂಟು. ಕ್ರಿ.ಶ. 941ರ ಸುಮಾರಿನಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನು ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿದ್ದವನು. ಅವನ ಕಾವ್ಯದಲ್ಲಿ ಅರ್ಜುನನು ಬನವಾಸಿ ದೇಶಕ್ಕೆ ಬಂದಾಗ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಆ ನಾಡಿನ ತೆಂಕಣಗಾಳಿ ಸೋಂಕಿದರೂ, ಒಳ್ಳೆಯ ಮಾತು ಕಿವಿಗೆ ಬಿದ್ದರೂ ಮನಸ್ಸು ಅಲ್ಲಿಗೇ ಓಡುವುದೆಂದೂ, ಯಾರು ಅಂಕುಶವನ್ನು ಹಾಕಿದರೂ ನಿಲ್ಲದೆಂದೂ ಹೇಳುವಾಗ ಪಾಂಡವಮಧ್ಯಮನ ಬಾಯಿಂದ ಪಂಪನೇ ನುಡಿಯುತ್ತಿದ್ದಾನೆಂದು ಸಹೃದಯರು ಭಾವಿಸುತ್ತ ಬಂದಿದ್ದಾರೆ. ಅಷ್ಟಾದಶ ವರ್ಣನೆಗಳ ಪಟ್ಟಿಯಲ್ಲಿ ಊರಿನ ಹಂಬಲಕ್ಕೆ ಎಡೆಯಿಲ್ಲ. ಅದು ಕವಿಯ ಬಾಳಿನಿಂದ ಬಂದುದು.

ಈ ಬನವಾಸಿ ನಾಡನ್ನು ವಾಚಕರು ನೆನಪಿನಲ್ಲಿಡಬೇಕು. ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾಸಿರಕ್ಕೆ ರಾಜಧಾನಿಯಾಗಿದ್ದುದು ಬಳ್ಳಿಗಾವೆ. ಹರಿಹರನ ಕಥನದಂತೆ ಅಲ್ಲಮಪ್ರಭುಗಳು ಆ ಬಳ್ಳಿಗಾವೆಯವರು. ಅಕ್ಕಮಹಾದೇವಿಯವರ ಉಡುತಡಿಯೂ ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಇದೆ. ಆ ಮಲೆನಾಡಿನ ಅಂಚಿನಲ್ಲಿ ಮೂವರು ಕಂಡ ಮಣ್ಣೂ ಮರವೂ ಹೆಚ್ಚುಕಡಿಮೆ ಒಂದೇ. ಆದರೂ ಅವರು ಕಂಡ ಪ್ರಕೃತಿ ಮೂರು ಬಗೆಯದಾಯಿತು.

ಅಕ್ಕನವರ ಆನೆ ಮತ್ತು ಗಿಳಿ

ಪಂಪನ ಮನಸ್ಸು ಅಂಕುಶಕ್ಕೆ ಮಣಿಯದ ಆನೆಯಂತೆ ಬನವಾಸಿಯತ್ತ ತಿರುಗಿದುದನ್ನು ಕಂಡೆವಷ್ಟೆ. ಅಕ್ಕಮಹಾದೇವಿಯವರ ಒಂದು ವಚನದಲ್ಲಿಯೂ ಆನೆ ಬರುತ್ತದೆ. ಅದು ಹಿಂಡಿನಿಂದ ಅಗಲಿ ಸೆರೆಸಿಕ್ಕಿದ ಆನೆ. ತಾನು ಹುಟ್ಟಿ ಬೆಳೆದ ವಿಂಧ್ಯವನ್ನು ನೆನೆಯುತ್ತಿದೆ. ಅದರ ಜೊತೆಯಲ್ಲಿಯೇ ಪಂಜರಕ್ಕೆ ಬಿದ್ದ ಗಿಳಿಯೊಂದು ತನ್ನ ಬಳಗವನ್ನು ನೆನೆಯುತ್ತದೆ. ಅವುಗಳಂತೆ ತಾವು ಚೆನ್ನಮಲ್ಲಿಕಾರ್ಜುನನನ್ನು ನೆನೆಯುವುದಾಗಿ ಅಕ್ಕನವರು ನಿವೇದಿಸುತ್ತಾರೆ.

ಪಂಪನ ಆನೆಗೆ ಅಂಕುಶವಿದ್ದರೂ ಸೆರೆಯ ಸಂಕಟವಿಲ್ಲ. ಅದು ಅರಮನೆಯ ಮನ್ನಣೆ ಪಡೆದವನ ಊರ ಹಂಬಲ. ಅಕ್ಕನವರ ಆನೆಗಾದರೋ ಕಾಲಿಗೆ ಸಂಕಲೆಯಿದೆ. ಈ ಭೇದ ಎಲ್ಲಿಂದ ಬಂದಿತು? ಕೌಶಿಕನ ಅರಮನೆಯ ವೃತ್ತಾಂತವನ್ನು ಬಲ್ಲವರಿಗೆ ಉತ್ತರ ದೊರೆಯುತ್ತದೆ. ಒಲ್ಲದ ಒಡೆತನದ ಕೆಳಗೆ ಬಾಳಬೇಕಾದ ಹೆಣ್ಣಿಗೆ ಅರಮನೆಯ ಅಂಗಳದ ಆನೆ ಐಶ್ವರ್ಯದ ಕುರುಹಾಗಿ ತೋರುವುದು ಸಾಧ್ಯವಿಲ್ಲ; ಪಂಜರದ ಗಿಳಿ ವಿನೋದದ ವಸ್ತುವಾಗಿ ತೋರುವುದೂ ಸಾಧ್ಯವಿಲ್ಲ. ಅರಸನು ಅವುಗಳ ಮೈಯ ಚೆಲುವನ್ನು ನೋಡುತ್ತಾನೆ. ಸೆರೆಯನ್ನು ತಾನೇ ಅರಿತವರು ಅವುಗಳ ನೆನಪನ್ನು ನೋಡುತ್ತಾರೆ.

ಅದೇ ಗಿಳಿ ಅವರ ಇನ್ನೊಂದು ವಚನದಲ್ಲಿ ಪಂಜರದಿಂದ ಹೊರಗೆ, ಕಾಡಿನ ಕೊಂಬೆಯಲ್ಲಿ ಕಾಣಿಸಿಕೊಳ್ಳುತ್ತದೆ. ಗಿಳಿ, ಕೋಗಿಲೆ, ತುಂಬಿ, ಹಂಸ, ನವಿಲುಗಳನ್ನು ಒಂದೊಂದಾಗಿ ಕರೆದು, ತಮ್ಮ ಚೆನ್ನಮಲ್ಲಿಕಾರ್ಜುನನನ್ನು ನೋಡಿದಿರಾ ಎಂದು ಅಕ್ಕನವರು ಕೇಳುವ ಆ ವಚನವು ಸರ್ವವಿದಿತವಾದುದು. ವಿರಹಿಯು ಮರ ಹಕ್ಕಿಗಳನ್ನು ಪ್ರಶ್ನಿಸುವುದು ಹಳೆಯ ಕಾವ್ಯಗಳಲ್ಲಿಯೂ ಉಂಟು. ಸೀತೆಯನ್ನು ಅಗಲಿದ ಶ್ರೀರಾಮನೂ ಮರಗಳನ್ನು ಕೇಳಿದನು. ಆದುದರಿಂದ ಪ್ರಶ್ನೆಯ ರೂಪ ಹೊಸದಲ್ಲ. ಪ್ರಶ್ನೆ ಕೇಳಿದವರ ಸ್ಥಿತಿ ಹೊಸದು. ಊರು, ಮನೆ, ಉಡುಗೆ, ಬಂಧುಗಳೆಲ್ಲವನ್ನೂ ಬಿಟ್ಟು ಶ್ರೀಶೈಲದ ದಾರಿ ಹಿಡಿದವರಿಗೆ ಮಾತನಾಡಿಸಲು ಹಕ್ಕಿಗಳಲ್ಲದೆ ಬೇರೆ ಯಾರಿದ್ದರು? ಕಾವ್ಯದ ನಾಯಕನಿಗೆ ಅದು ವಿರಹದ ಒಂದು ಅವಸ್ಥೆ, ಅಕ್ಕನವರಿಗೆ ದಿನದಿನದ ಬಾಳು.

ಇದರಾಚೆಗೆ ಮೂರನೆಯ ನಿಲವೊಂದುಂಟು. ಕಾಡೂ ಅದರೊಳಗಿನ ಮರಗಳೂ ಮರಗಳಲ್ಲಿ ನಲಿಯುವ ಹಕ್ಕಿಗಳೂ ಎಲ್ಲವೂ ಅವನೇ ಆಗಿರುವಾಗ, ತನಗೆ ಮಾತ್ರ ಮುಖವನ್ನು ತೋರಿಸನೇಕೆ ಎಂದು ಅವರು ಮೊರೆಯಿಡುತ್ತಾರೆ. ಸೆರೆಯ ಗಿಳಿಯಲ್ಲಿ ತಮ್ಮನ್ನು ಕಂಡರು. ಕಾಡಿನ ಗಿಳಿಯನ್ನು ಅವನ ಸುದ್ದಿ ಕೇಳಿದರು. ಕಡೆಗೆ ಗಿಳಿಯಲ್ಲಿ ಅವನನ್ನೇ ಕಂಡರು. ಗಿಳಿ ಬದಲಾಗಲಿಲ್ಲ. ಕಂಡವರ ಅನುಭವವು ಮೆಟ್ಟಿಲು ಮೆಟ್ಟಿಲಾಗಿ ಏರಿತು.

ಪ್ರಭುಗಳ ನೆಲ

ಅಲ್ಲಮಪ್ರಭುಗಳ ದೃಷ್ಟಿ ಬೇರೆ ಬಗೆಯದು. ಅವರು ಪ್ರಕೃತಿಯ ಚೆಲುವಿನ ಮೇಲೆ ನಿಲ್ಲದೆ ಅದರ ಒಳಗನ್ನು ಅರಸುತ್ತಾರೆ. ಕಲ್ಲನ್ನು ಕಂಡರೆ ಅದರೊಳಗಿನ ಬೆಂಕಿ, ಬೀಜವನ್ನು ಕಂಡರೆ ಅದರೊಳಗಿನ ಮರ, ನೀರನ್ನು ಕಂಡರೆ ಅದರೊಳಗಿನ ಪ್ರತಿಬಿಂಬ ಅವರ ಲಕ್ಷ್ಯಕ್ಕೆ ಬರುತ್ತದೆ. ಶರಣಸಂಬಂಧವು ಎಂತಹುದೆಂದು ಹೇಳುವ ವಚನದಲ್ಲಿ ಇವನ್ನು ಸಾಲಾಗಿ ಇರಿಸಿ, ಕೊನೆಗೆ ಸದ್ದಿನೊಳಗೆ ಅಡಗಿದ ನಿಶ್ಶಬ್ದವನ್ನೂ ಸೇರಿಸುತ್ತಾರೆ.

ಅವರ ಪೂರ್ವವೃತ್ತಾಂತವನ್ನು ಇಲ್ಲಿ ಸ್ಮರಿಸಬೇಕು. ಹರಿಹರನು ಪ್ರಭುದೇವರ ರಗಳೆಯಲ್ಲಿ ಹೇಳುವಂತೆ, ಪ್ರಿಯಳಾದ ಕಮಲತೆಯನ್ನು ಕಳೆದುಕೊಂಡು ಶೋಕದಿಂದ ಮರುಳಾದ ಅಲ್ಲಮರು ತೋಟವೊಂದರಲ್ಲಿ ಕುಳಿತು ಕಾಲಿನ ಉಗುರಿನಿಂದ ನೆಲವನ್ನು ಕೆದಕುತ್ತಿದ್ದರು. ಆಗ ಮಣ್ಣಿನಲ್ಲಿ ಕಲಶದ ತುದಿ ಕಾಣಿಸಿತು. ಅಗೆಸಿ ನೋಡಲಾಗಿ ನೆಲದೊಳಗೆ ದೇಗುಲವಿತ್ತು. ದೇಗುಲದೊಳಗೆ ಲಿಂಗದಲ್ಲಿ ದೃಷ್ಟಿಯಿಟ್ಟ ಅನಿಮಿಷಯ್ಯನಿದ್ದನು. ಅವನಿಂದ ಅವರಿಗೆ ಲಿಂಗವು ದೊರೆಯಿತು. ದುಃಖದಿಂದ ಕೆದಕಿದ ಮಣ್ಣಿನಲ್ಲಿಯೇ ದೈವವು ದೊರೆತವನಿಗೆ ನೆಲವು ಬರಿಯ ನೆಲವಾಗಿ ಉಳಿಯುವುದು ಹೇಗೆ? ಮೇಲೆ ಕಾಣುವುದರ ಕೆಳಗೆ ಕಾಣದುದೊಂದು ಇದ್ದೇ ಇರುತ್ತದೆ ಎಂಬುದು ಅವನ ಕಣ್ಣಿನ ಸ್ವಭಾವವೇ ಆಗುತ್ತದೆ.

ಸದ್ದಿನೊಳಗಿನ ನಿಶ್ಶಬ್ದದ ಮಾತನ್ನೂ ಹೀಗೆಯೇ ವಿಚಾರಿಸಬಹುದು. ಅಲ್ಲಮರು ಮದ್ದಳೆ ನುಡಿಸುವವರಾಗಿದ್ದರು. ಎರಡು ಪೆಟ್ಟುಗಳ ನಡುವಿನ ಬಿಡುವು ತಪ್ಪಿದರೆ ತಾಳವೇ ಕೆಡುವುದೆಂಬುದನ್ನು ಮದ್ದಳೆಗಾರನ ಬೆರಳು ಅರಿತಿರುತ್ತದೆ. ಕೇಳುವವನಿಗೆ ಸದ್ದು ಮುಖ್ಯ. ನುಡಿಸುವವನಿಗೆ ಸದ್ದಿಲ್ಲದ ಎಡೆಯೂ ಅಷ್ಟೇ ಮುಖ್ಯ. ಶಾಸ್ತ್ರಗ್ರಂಥವನ್ನು ಓದಿ ಈ ಮಾತನ್ನು ಹೇಳಬಹುದು. ಬೆರಳಿನಿಂದ ಅರಿತು ಹೇಳಿದಾಗ ಅದಕ್ಕೆ ಬೇರೊಂದು ತೂಕ ಬರುತ್ತದೆ.

ಬಸವಣ್ಣನವರ ಚಂದ್ರ ಮತ್ತು ಕಡಲು

ಚಂದ್ರನು ಉದಯಿಸಿದರೆ ಕಡಲು ಉಕ್ಕುತ್ತದೆ ಎಂಬುದು ಕವಿಗಳಿಗೆಲ್ಲ ಪ್ರಿಯವಾದ ವರ್ಣನೆ. ಪುರಾಣದಂತೆ ಚಂದ್ರನು ಕಡಲಿನಲ್ಲಿಯೇ ಹುಟ್ಟಿದವನು. ಇವರಿಬ್ಬರ ಪ್ರೀತಿಯನ್ನು ಸ್ನೇಹಕ್ಕೂ ಬಂಧುತ್ವಕ್ಕೂ ನಿದರ್ಶನವಾಗಿ ತೋರಿಸುವುದು ರೂಢಿ. ಬಸವಣ್ಣನವರೂ ತಮ್ಮ ವಚನವೊಂದನ್ನು ಇದರಿಂದಲೇ ಆರಂಭಿಸುತ್ತಾರೆ. ಆದರೆ ಅಲ್ಲಿಗೆ ನಿಲ್ಲದೆ ಎರಡು ಪ್ರಶ್ನೆಗಳನ್ನು ಹಾಕುತ್ತಾರೆ. ರಾಹುವು ಚಂದ್ರನನ್ನು ಹಿಡಿದಾಗ ಕಡಲು ಕೂಗಿಕೊಂಡಿತೇ? ಮುನಿಯು ಕಡಲನ್ನೇ ಕುಡಿದುಬಿಟ್ಟಾಗ ಚಂದ್ರನು ಬಂದು ತಡೆದನೇ? ಕಷ್ಟ ಬಂದಾಗ ಯಾರೂ ಯಾರಿಗೂ ಒದಗುವುದಿಲ್ಲ. ಜಗತ್ತಿಗೆ ನಿಜವಾದ ನಂಟನು ಕೂಡಲಸಂಗಮದೇವನೊಬ್ಬನೇ ಎಂಬುದು ವಚನದ ಸಾರ.

ಕಾವ್ಯದಲ್ಲಿ ಸಾವಿರ ಸಲ ಉಕ್ಕಿದ ಆ ಕಡಲಿಗೆ ಅನೇಕ ಕವಿಗಳು ಹಾಕದೆ ಬಿಟ್ಟ ಪ್ರಶ್ನೆಯನ್ನು ಬಸವಣ್ಣನವರು ಏಕೆ ಹಾಕಿದರು? ಅವರು ಬಿಜ್ಜಳನ ಭಂಡಾರಿಯಾಗಿ ಅರಮನೆಯ ವ್ಯವಹಾರವನ್ನು ಒಳಗಿನಿಂದ ಕಂಡವರು. ಚಾಲುಕ್ಯರ ಮಾಂಡಲಿಕನಾಗಿದ್ದ ಬಿಜ್ಜಳನೇ ಒಡೆಯರ ರಾಜ್ಯವನ್ನು ಕೈವಶಮಾಡಿಕೊಂಡ ಕಾಲವದು. ಪದವಿ ಇರುವಾಗ ಉಕ್ಕಿ ಬರುವವರನ್ನೂ, ಪದವಿಗೆ ಗ್ರಹಣ ಹಿಡಿದಾಗ ಸದ್ದಿಲ್ಲದೆ ಸರಿಯುವವರನ್ನೂ ರಾಜಧಾನಿಯಲ್ಲಿ ಬಾಳಿದವರು ದಿನವೂ ಕಾಣುತ್ತಾರೆ. ಆ ವಚನವನ್ನು ಅವರು ಯಾವ ಪ್ರಸಂಗದಲ್ಲಿ ನುಡಿದರೆಂಬುದು ಇಲ್ಲಿ ಮುಖ್ಯವಲ್ಲ. ಅದು ಅಧಿಕಾರದ ನೆರಳಿನಲ್ಲಿ ಬಾಳಿ ಬಲ್ಲವರ ಪ್ರಶ್ನೆ ಎಂಬುದು ಮುಖ್ಯ. ಪುಸ್ತಕದ ಕಡಲು ಹೀಗೆ ಅನುಭವದ ಒರೆಗಲ್ಲಿಗೆ ಬಂದು ತನ್ನ ಬಣ್ಣವನ್ನು ತೋರಿಸಿತು.

ಕವಿಸಮಯವನ್ನು ಬಸವಣ್ಣನವರು ತಳ್ಳಿಹಾಕಿದರೆಂದು ಇದರಿಂದ ತಿಳಿಯಬಾರದು. ಚಕೋರಕ್ಕೆ ಬೆಳುದಿಂಗಳಿನ, ತಾವರೆಗೆ ಸೂರ್ಯೋದಯದ, ದುಂಬಿಗೆ ಮಕರಂದದ ಹಂಬಲವಿರುವಂತೆ ತಮಗೆ ದೇವನ ನೆನಹಿನ ಹಂಬಲವೆಂದು ಹೇಳುವಾಗ ಅವರು ಆ ಹಳೆಯ ಸಾಮಗ್ರಿಯನ್ನೇ ಬಳಸುತ್ತಾರೆ. ಹಂಬಲವು ನಿಜವಾಗಿದ್ದಲ್ಲಿ ಹಳೆಯ ಚಕೋರವೂ ಜೀವಪಡೆಯುತ್ತದೆ. ಹಂಬಲವು ಸುಳ್ಳಾಗಿದ್ದಲ್ಲಿ ಹೊಸದಾಗಿ ಕಂಡ ಹಕ್ಕಿಯೂ ಬಣ್ಣದ ಬೊಂಬೆಯಾಗುತ್ತದೆ. ಆದುದರಿಂದ ಪರೀಕ್ಷಿಸಬೇಕಾದುದು ಹಂಬಲವನ್ನೇ ಹೊರತು ಹಕ್ಕಿಯನ್ನಲ್ಲ.

ಕಾಯಕದ ಕಣ್ಣು

ಸ್ವಾನುಭವವೆಂದರೆ ಬಾಳಿನ ಮಹಾಪ್ರಸಂಗಗಳು ಮಾತ್ರವೇ ಅಲ್ಲ. ದಿನನಿತ್ಯ ಮಾಡುವ ಕೆಲಸವೂ ಕಣ್ಣನ್ನು ತಿದ್ದುತ್ತದೆ. ಶರಣರು ಕಾಯಕವನ್ನು ಕೈಬಿಡದೆ ಇದ್ದವರಾದುದರಿಂದ ಅವರ ಪ್ರಕೃತಿದರ್ಶನದಲ್ಲಿ ಕಾಯಕದ ಗುರುತು ಸ್ಪಷ್ಟವಾಗಿದೆ.

ನದಿಯನ್ನು ಕಂಡ ಯಾತ್ರಿಕನು ಮೀಯುತ್ತಾನೆ. ಕವಿಯು ಅಲೆಗಳನ್ನು ಎಣಿಸುತ್ತಾನೆ. ಅಂಬಿಗರ ಚೌಡಯ್ಯನವರಿಗೆ ನದಿಯು ದಾಟಿಸಬೇಕಾದ ನೀರು. ಅದರ ಸೆಳವು, ಮಡು, ಆಳಗಳೊಡನೆ ಅವರಿಗೆ ದಿನವೂ ವ್ಯವಹಾರ. ದೋಣಿಯಲ್ಲಿ ಕುಳಿತವರ ಪ್ರಾಣ ಅವರ ಕೈಯಲ್ಲಿರುವ ಹುಟ್ಟಿನ ಮೇಲೆ. ಆದುದರಿಂದಲೇ ನಂಬಿ ಬಂದವರನ್ನು ಒಂದೇ ಹುಟ್ಟಿನಲ್ಲಿ ಆಚೆಯ ದಡಕ್ಕೆ ಮುಟ್ಟಿಸುವೆನೆಂದು ಹೇಳುವ ಅವರ ವಚನದಲ್ಲಿ ಅಷ್ಟು ಧೈರ್ಯವಿದೆ. ಸಂಸಾರಸಾಗರ ಎಂಬ ಮಾತು ಶಾಸ್ತ್ರಗಳಲ್ಲಿ ಸವೆದ ನಾಣ್ಯ. ಅಂಬಿಗನ ಬಾಯಲ್ಲಿ ಅದು ಹೊಸದಾಗಿ ಟಂಕಿಸಿದ ನಾಣ್ಯವಾಗುತ್ತದೆ.

ಜೇಡರ ದಾಸಿಮಯ್ಯನವರು ನೇಯ್ದು ಬಾಳಿದವರು. ತನ್ನ ಕೈಯ ದುಡಿಮೆಯಿಂದ ಉಣ್ಣುವವನಿಗೆ ಯಾವುದು ತಾನು ಮಾಡಿದುದು, ಯಾವುದು ತಾನು ಮಾಡದೆ ಬಂದುದು ಎಂಬ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ. ಬಟ್ಟೆಯನ್ನು ತಾನು ನೇಯ್ದಿರಬಹುದು. ನೆಲ, ಬೆಳೆ, ಬೀಸುವ ಗಾಳಿ ಇವನ್ನು ನೇಯ್ದವರು ಯಾರು? ಇವೆಲ್ಲವೂ ರಾಮನಾಥನ ದಾನವೆಂದೂ, ದಾನವನ್ನು ಉಂಡು ದಾನಿಯನ್ನು ಬಿಟ್ಟು ಅನ್ಯರನ್ನು ಹೊಗಳುವುದು ಹೀನವೆಂದೂ ಅವರು ಹೇಳಿದರು. ದುಡಿಯದವನು ಎಲ್ಲವನ್ನೂ ತನ್ನದೆನ್ನುತ್ತಾನೆ. ದುಡಿದವನೇ ದಾನವನ್ನು ದಾನವೆಂದು ಗುರುತಿಸಬಲ್ಲನು.

ಆಕ್ಷೇಪ ಮತ್ತು ಸಮಾಧಾನ

ಇಲ್ಲಿ ವಿಚಾರವಂತನಾದ ವಿದ್ಯಾರ್ಥಿಯು ಒಂದು ಆಕ್ಷೇಪವನ್ನು ಎತ್ತಬಹುದು. ಶರಣರ ಚರಿತ್ರೆಗಳನ್ನು ಬರೆದವರು ಅವರ ಅನಂತರದವರು. ಪ್ರಭುಲಿಂಗಲೀಲೆ, ಶೂನ್ಯಸಂಪಾದನೆಗಳು 15ನೆಯ ಶತಮಾನದ ಗ್ರಂಥಗಳು. ಕೌಶಿಕನ ವೃತ್ತಾಂತದಲ್ಲಿಯೂ ಅಲ್ಲಮರ ಪೂರ್ವಾಶ್ರಮದಲ್ಲಿಯೂ ಹರಿಹರನ ಕಥನಕ್ಕೂ ಚಾಮರಸನ ಕಥನಕ್ಕೂ ಭೇದಗಳಿವೆ. ವಚನಗಳಿಂದ ಚರಿತ್ರೆಯನ್ನು ಕಟ್ಟಿ, ಆ ಚರಿತ್ರೆಯಿಂದ ವಚನಗಳನ್ನು ವಿವರಿಸಿದರೆ ಅನ್ಯೋನ್ಯಾಶ್ರಯದೋಷ ಬರುವುದಿಲ್ಲವೇ?

ಆಕ್ಷೇಪವು ನ್ಯಾಯವಾದುದು. ಆದುದರಿಂದ ಘಟನೆಯ ಮೇಲೆ ಇಡುವ ಭಾರವನ್ನು ಅನುಭವದ ಮೇಲೆ ಇಡಬೇಕು. ಕೌಶಿಕನೊಡನೆ ಮದುವೆ ನಡೆಯಿತೋ ಇಲ್ಲವೋ, ಸೆರೆಯ ಸಂಕಟವು ವಚನದಲ್ಲಿಯೇ ಇದೆ. ಕಮಲತೆಯ ವಿಷಯದಲ್ಲಿ ಕವಿಗಳು ಒಮ್ಮತರಲ್ಲದಿದ್ದರೂ ಅಲ್ಲಮರ ಕೈಯ ಮದ್ದಳೆಯನ್ನು ಇಬ್ಬರೂ ಹೇಳಿದ್ದಾರೆ. ಚೌಡಯ್ಯನವರ ಕಾಯಕವು ಅವರ ಅಂಕಿತದಲ್ಲಿಯೇ ನೆಲೆಸಿದೆ. ಕಥೆಯು ವಚನವನ್ನು ಹುಟ್ಟಿಸಲಿಲ್ಲ. ವಚನದಲ್ಲಿ ಕೇಳಿಬಂದ ಅನುಭವದ ದನಿಗೆ ಮುಂದಿನವರು ಕಥೆಯ ಮೈಯನ್ನು ಕೊಟ್ಟಿರಲೂಬಹುದು. ಹಾಗಾದರೂ ದನಿ ಸುಳ್ಳಾಗುವುದಿಲ್ಲ.

ಇನ್ನೊಂದು ಆಕ್ಷೇಪವೂ ಉಂಟು. ಪ್ರತಿಯೊಬ್ಬನೂ ತನ್ನ ಅನುಭವದಂತೆ ಪ್ರಕೃತಿಯನ್ನು ಕಾಣುವುದಾದರೆ ಸತ್ಯವು ಅನೇಕವಾಗಲಿಲ್ಲವೇ? ಒಕ್ಕಲಿಗನ ಮಳೆ, ಕುಂಬಾರನ ಮಳೆಗಳಲ್ಲಿ ನಿಜವಾದ ಮಳೆ ಯಾವುದು? ಇದಕ್ಕೆ ಶರಣಮಾರ್ಗದ ಉತ್ತರವು ಅನುಭವ, ಅನುಭಾವ ಎಂಬ ಎರಡು ಮಾತುಗಳಲ್ಲಿದೆ. ತನ್ನ ಬಾಳಿನಲ್ಲಿ ಉಂಡುದು ಅನುಭವ. ಅದು ಲಿಂಗದಲ್ಲಿ ಶುದ್ಧವಾಗಿ ನಾನು ಎಂಬುದನ್ನು ಕಳೆದುಕೊಂಡಾಗ ಅನುಭಾವ. ಒಕ್ಕಲಿಗನೂ ಕುಂಬಾರನೂ ತಮ್ಮ ಲಾಭನಷ್ಟಗಳಲ್ಲಿಯೇ ನಿಂತರೆ ಮಳೆ ಎರಡಾಗಿಯೇ ಉಳಿಯುತ್ತದೆ. ಅಕ್ಕನವರು ಸೆರೆಯ ಆನೆಯ ಬಳಿಯಲ್ಲಿಯೇ ನಿಲ್ಲದೆ ಕಾಡೆಲ್ಲವೂ ಅವನೇ ಎಂಬಲ್ಲಿಗೆ ಮುಟ್ಟಿದರು. ಅನುಭವವಿಲ್ಲದೆ ಅನುಭಾವವಿಲ್ಲ, ಅನುಭವದಲ್ಲಿಯೇ ನಿಂತವನಿಗೂ ಅನುಭಾವವಿಲ್ಲ. ನೀರನ್ನು ಕಂಡೊಡನೆ ಮುಳುಗುವವರನ್ನೂ ಮರವನ್ನು ಕಂಡೊಡನೆ ಸುತ್ತುವವರನ್ನೂ ಬಸವಣ್ಣನವರು ಟೀಕಿಸಿದುದು ಈ ಕಾರಣದಿಂದಲೇ. ನೀರು ಬತ್ತುವುದು, ಮರ ಒಣಗುವುದು. ಅವುಗಳಲ್ಲಿ ಬತ್ತದುದನ್ನು ಕಾಣಬಲ್ಲ ಕಣ್ಣು ಬೇಕು.

ಓದುಗನ ಹೊಣೆ

ಕೂಡಲಸಂಗಮಕ್ಕೆ ಇಂದು ಹೋಗುವ ಯಾತ್ರಿಕನು 12ನೆಯ ಶತಮಾನದ ಹೊಳೆಯನ್ನು ಕಾಣುವುದಿಲ್ಲ. ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಜಲಾಶಯದ ಹಿನ್ನೀರು ಕೃಷ್ಣಾ ಮಲಪ್ರಭೆಗಳ ಸಂಗಮದವರೆಗೂ ಹರಡಿದೆ. ಬಸವಣ್ಣನವರ ಐಕ್ಯಸ್ಥಳವು ಮುಳುಗದಂತೆ ಬಾವಿಯಾಕಾರದ ಗೋಡೆಯನ್ನು ಕಟ್ಟಿ ರಕ್ಷಿಸಿದ್ದಾರೆ. ದರ್ಶನಕ್ಕೆ ಮೆಟ್ಟಿಲಿಳಿದು ಹೋಗಬೇಕು. ಅಲ್ಲಿಂದ ಮುಂದೆ ಹರಿದ ಅದೇ ಕೃಷ್ಣೆ ಶ್ರೀಶೈಲದ ಬೆಟ್ಟಗಳ ಕೆಳಗೆ ಪಾತಾಳಗಂಗೆ ಎನಿಸಿಕೊಳ್ಳುತ್ತಾಳೆ. ಒಂದೇ ನದಿಯ ಒಂದು ದಡದಲ್ಲಿ ಬಸವಣ್ಣನವರ ಬಾಲ್ಯದ ಸಾಧನೆ, ಇನ್ನೊಂದೆಡೆಯ ಗಿರಿಯಲ್ಲಿ ಅಕ್ಕನವರ ಅಂತಿಮ ಸಾಧನೆ. ನೀರಿನ ರೂಪ ಬದಲಾಗಿದೆ, ದಡಗಳು ಸರಿದಿವೆ. ಹೊರಗಿನ ಪ್ರಕೃತಿಯನ್ನು ಮಾತ್ರ ನೋಡಿ ಬಂದವನು, ಶರಣರು ಕಂಡುದನ್ನು ತಾನೂ ಕಂಡೆನೆಂದು ಹೇಳಲಾರನು.

ಹಾಗಾದರೆ ಓದುಗನು ಮಾಡಬೇಕಾದುದೇನು? ಮಳೆಗಾಲವನ್ನು ಕುರಿತು ಪ್ರಬಂಧ ಬರೆಯಲು ಹೇಳಿದರೆ ಮಠದ ವಿದ್ಯಾರ್ಥಿಯು ಸಾಮಾನ್ಯವಾಗಿ ಚಾತಕದಿಂದ ಆರಂಭಿಸಿ ನವಿಲಿನ ನರ್ತನದಲ್ಲಿ ಮುಗಿಸುತ್ತಾನೆ. ಅವನು ಚಾತಕವನ್ನು ಕಂಡಿರಲಾರನು. ಅವನ ಮನೆಯ ಮಾಳಿಗೆ ಸೋರಿರಬಹುದು. ಸೋರುವ ಎಡೆಗೆಲ್ಲ ತಾಯಿ ಪಾತ್ರೆಗಳನ್ನಿಟ್ಟು, ಒಣಗಿದ ಒಂದು ಮೂಲೆಯಲ್ಲಿ ಮಕ್ಕಳನ್ನು ಮಲಗಿಸಿ, ತಾನು ಕುಳಿತೇ ಬೆಳಗು ಮಾಡಿರಬಹುದು. ಅದನ್ನು ಬರೆಯಲು ಅವನು ನಾಚುತ್ತಾನೆ. ನಾಚಬೇಕಾದುದು ಕಾಣದ ಚಾತಕವನ್ನು ಬರೆದುದಕ್ಕೆ. ಆ ತಾಯಿಯ ಎಚ್ಚರದಲ್ಲಿ ಶಿವನ ಎಚ್ಚರವನ್ನು ಕಾಣಬಲ್ಲವನಾದರೆ, ಅಂದಿನಿಂದ ಅವನು ವಚನಗಳನ್ನು ಓದಲು ಅರ್ಹನಾದನು.

ಅಕ್ಕನವರ ಗಿಳಿಯನ್ನೂ ಚೌಡಯ್ಯನವರ ಹೊಳೆಯನ್ನೂ ಎರವಲು ತಂದು ತನ್ನ ಮಾತಿನಲ್ಲಿ ಇಟ್ಟುಕೊಳ್ಳುವುದು ಸುಲಭ. ಎರವಲು ತಂದ ಒಡವೆಯನ್ನು ಹಬ್ಬ ಮುಗಿದ ಮೇಲೆ ಹಿಂದಿರುಗಿಸಲೇಬೇಕು. ಶರಣರು ತಮ್ಮ ಹೊಳೆಯನ್ನು ತಾವೇ ದಾಟಿದರು, ತಮ್ಮ ಕಾಡನ್ನು ತಾವೇ ಹೊಕ್ಕರು. ಅವರ ವಚನಗಳನ್ನು ನಿತ್ಯವೂ ಪಠಿಸುವವನು, ಪಠಣ ಮುಗಿದ ಮೇಲೆ ತನ್ನ ಮನೆಯ ಮುಂದಿನ ಮರವನ್ನೊಮ್ಮೆ ನೋಡಲಿ. ತನ್ನ ಬಾಳು ಆ ಮರದಲ್ಲಿ ಏನನ್ನು ಕಾಣಲು ಕಲಿಸಿದೆ ಎಂದು ತನ್ನನ್ನು ತಾನೇ ಕೇಳಿಕೊಳ್ಳಲಿ. ಉತ್ತರವು ಚಿಕ್ಕದಾದರೂ ಚಿಂತೆಯಿಲ್ಲ, ಅದು ಸ್ವಂತದ್ದಾಗಿರಬೇಕು.